ವಿಜೇಂದರ್‌ದು ಚಾಳಿಯಂತೆ!

ಮೊನ್ನೆ ಪುಟ್ಟೇನಹಳ್ಳಿ ಕೆರೆ ಹತ್ರ ಟೀ ಕುಡೀತಾ, ಬಾಕ್ಸರ್ ವಿಜೇಂದರ್ ಸಿಂಗ್ 2021ರಲ್ಲಿ ಗೋವಾದಲ್ಲಿ ಸೋತ ವೀಡಿಯೋ ನೋಡಿ ಗೆಳೆಯ ಅಂದ: "ಅಮೆಚೂರ್ ಚಾಳಿ ಬಿಡ್ಲೇ ಇಲ್ಲ ನೋಡು, ಮುಟ್ಟಿ ಓಡ್ತಾನೆ."

ಕಲಿಸಿದ್ದು ಯಾರು ಸ್ವಾಮಿ? ಅವನು ಕಂಚು ಗೆದ್ದ 2008ರ ಬೀಜಿಂಗ್‌ನಲ್ಲಿ ಐವರು ಜಡ್ಜ್‌ಗಳಲ್ಲಿ ಮೂವರು ಒಂದೇ ಸೆಕೆಂಡಿನೊಳಗೆ ಬಟನ್ ಒತ್ತಿದ್ರೆ ಒಂದು ಪಾಯಿಂಟ್. ಎದುರಾಳಿ ನೆಲಕ್ಕೆ ಬಿದ್ರೂ ಅದೇ ಒಂದು! ಎರಡೆರಡು ನಿಮಿಷದ ನಾಲ್ಕು ಸುತ್ತು. ಮುಟ್ಟಿ ಓಡದೆ ಇನ್ನೇನು ಮಾಡಬೇಕಿತ್ತು?

ಅಂಥವನು 2015ರಲ್ಲಿ, ಮೂವತ್ತರ ಹೊಸ್ತಿಲಲ್ಲಿ ಪ್ರೊಫೆಷನಲ್ ಆಗಿ, ಹತ್ತು ಸುತ್ತು ನಿಲ್ಲೋದು ಕಲಿತು, ಸತತ 12 ಗೆದ್ದ. ಸೋತಿದ್ದು ಹದಿನಾರು ತಿಂಗಳು ರಿಂಗಿಗೇ ಇಳಿಯದೆ ಇದ್ದಮೇಲೆ. ಅದು ಚಾಳಿಯಾ?

ನಾವಿಬ್ರೂ ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದು ಇಂಜಿನಿಯರ್ ಆದವರು. ಟೆಸ್ಟ್ ಕೇಸ್ ಪಾಸಾದ್ರೆ ಸಾಕು ಅಂತ ಈಗಲೂ ಕೋಡ್ ಬರೀತೀವಿ. ನಮ್ಮನ್ನ ಯಾರೂ ಅಮೆಚೂರ್ ಅನ್ನಲ್ಲ.