ಪೆಟ್ಟಿಗೆಯ ಮೂಲೆಗಳು

ಮಹಾಲಿಂಗಪುರದ ಬೆಲ್ಲದ ಪೇಟೆ ನಾಡಿಗೆಲ್ಲ ಪರಿಚಿತ. ನೇಕಾರಿಕೆಗೂ ಆ ಊರು ಹೆಸರಾದುದು. ಚಿತ್ರ ಬರೆಯಲು ಹೊರಟ ಹುಡುಗನಿಗೆ ಅಲ್ಲಿ ಇನ್ನೊಂದು ಸೌಕರ್ಯವೂ ಉಂಟು. ಮಲೆನಾಡಿನ ಇಳಿಜಾರು ಹೆಂಚಿನ ಮಾಡು ಆ ಸೀಮೆಯ ಹಳೆಯ ಮನೆಗಳಿಗಿಲ್ಲ. ಮಣ್ಣಿನ ಮಾಳಿಗೆಯ ಚಪ್ಪಟೆ ಮನೆಯೆಂದರೆ ಓಣಿಯಲ್ಲಿಟ್ಟ ದೊಡ್ಡ ಪೆಟ್ಟಿಗೆಯೇ. ಪೆಟ್ಟಿಗೆಯನ್ನು ಬರೆಯಬಲ್ಲವನು ಓಣಿಯನ್ನೂ ಬರೆಯಬಲ್ಲನು.

ಆದರೆ ಪೆಟ್ಟಿಗೆ ಬರೆಯುವುದು ಸುಲಭವೆ? ಮಗು ಕಂಡಂತೆ ಬರೆಯದೆ ತಿಳಿದಂತೆ ಬರೆಯುತ್ತದೆ. ಅಂಚುಗಳು ಸಮಾಂತರವೆಂದು ಅದಕ್ಕೆ ಗೊತ್ತು. ಕಾಗದದ ಮೇಲೂ ಹಾಗೆಯೇ ಎಳೆಯುತ್ತದೆ. ಆಗ ಪೆಟ್ಟಿಗೆಯ ಹಿಂಬದಿ ಮುಂಬದಿಗಿಂತ ಅಗಲವಾದಂತೆ ತೋರುವುದು! ಎರಡು ಮೂರು ಹಾಳೆ ಹರಿದ ಮೇಲೆ, “ನಮ್ಮ ಹುಡುಗನಿಗೆ ಚಿತ್ರದ ಕೈ ಇಲ್ಲ” ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಎಷ್ಟೋ ಮಕ್ಕಳ ಚಿತ್ರಕಲೆ ಈ ಒಂದು ಮಾತಿಗೆ ಮುಗಿದುಹೋಗುವುದು. ಕೈಯನ್ನು ದೂರುವುದು ಅನ್ಯಾಯ. ಕಣ್ಣಿಗೆ ಇನ್ನೂ ಅಭ್ಯಾಸವಾಗಿರುವುದಿಲ್ಲ.

ನೇಕಾರನ ಮಗ ಇದನ್ನು ಮನೆಯಲ್ಲಿಯೇ ನೋಡಬಹುದು. ಮಗ್ಗದ ಮುಂದೆ ಕುಳಿತರೆ, ಹಾಸಿನ ಎಳೆಗಳು ದೂರ ಸಾಗಿದಂತೆಲ್ಲ ಒಂದನ್ನೊಂದು ಸಮೀಪಿಸುತ್ತವೆ. ಅಂತರ ಬದಲಾಗಿಲ್ಲವೆಂದು ನೇಯುವ ಕೈ ಬಲ್ಲದು. ಕಣ್ಣು ಮಾತ್ರ ಒಪ್ಪದು. ಒಂದೇ ದಿಕ್ಕಿಗೆ ನೆಲಮಟ್ಟವಾಗಿ ಸಾಗುವ ಸಮಾಂತರ ರೇಖೆಗಳು, ನೋಡುವವನ ಕಣ್ಣಿನ ಎತ್ತರದ ಗೆರೆಯ ಮೇಲೆ ಒಂದು ಬಿಂದುವಿನಲ್ಲಿ ಕೂಡುವಂತೆ ಕಾಣುತ್ತವೆ. ಇಟಲಿಯ ಆಲ್ಬರ್ಟಿ 1435ರಲ್ಲಿ ಇದರ ಕ್ರಮವನ್ನು ಗ್ರಂಥಸ್ಥಗೊಳಿಸಿದನು. ಜರ್ಮನಿಯ ಡ್ಯೂರರನ 1525ರ ಪುಸ್ತಕದಲ್ಲೊಂದು ಸೊಗಸಾದ ಚಿತ್ರವಿದೆ: ಗೋಡೆಯ ಮೊಳೆಯಿಂದ ದಾರವೆಳೆದು, ಲ್ಯೂಟ್ ಎಂಬ ತಂತಿವಾದ್ಯವನ್ನು ಇಬ್ಬರು ಚಿತ್ರಿಸುತ್ತಿದ್ದಾರೆ.

ಮಹಾಲಿಂಗಪುರದಲ್ಲಿ ದಾರಕ್ಕೇನು ಬಡತನ? ಹಲಗೆಗೆ ಕಾಗದ ಅಂಟಿಸಿ, ಕಣ್ಣಿನ ಗೆರೆಯನ್ನೆಳೆಯಬೇಕು. ಪೆಟ್ಟಿಗೆಯ ಅಂಚುಗಳು ಎಡಕ್ಕೂ ಬಲಕ್ಕೂ ಸಾಗುವುದರಿಂದ ಗೆರೆಯ ಎರಡು ತುದಿಗಳಲ್ಲೂ ಒಂದೊಂದು ಮೊಳೆ, ಮೊಳೆಗೊಂದು ನೂಲು. ನಡುವೆ ಹತ್ತಿರದ ಮೂಲೆಯಾಗಿ ಒಂದು ನಿಲುವು ಗೆರೆ. ಅದರ ಮೇಲುತುದಿಗೂ ಕೆಳತುದಿಗೂ ನೂಲನ್ನು ಬಿಗಿದು ಹಿಡಿದರೆ ಅಂಚುಗಳು ತಾವಾಗಿ ದೊರೆಯುತ್ತವೆ. ಮೊಳೆಗಳು ತೀರ ಹತ್ತಿರವಾದರೆ ಮುಂದಿನ ಮೂಲೆ ಮೂಗಿನಂತೆ ಚಾಚಿಕೊಳ್ಳುವುದು.

ಹತ್ತು ಪೆಟ್ಟಿಗೆಗಳಾದ ಮೇಲೆ ನೂಲನ್ನು ಬಿಡಬೇಕು. ಕಣ್ಣಂದಾಜಿನಿಂದ ಬರೆದು, ಅನಂತರ ಬೇರೆ ಬಣ್ಣದ ಪೆನ್ಸಿಲಿನಿಂದ ಅಂಚುಗಳನ್ನು ಹಿಂದಕ್ಕೆ ಬೆಳೆಸಿ ನೋಡಬೇಕು: ಕೂಡುತ್ತವೆಯೋ, ಚೆದರುತ್ತವೆಯೋ? ಈ ಪರೀಕ್ಷೆಯಿಲ್ಲದೆ ನೂರು ಬರೆದರೂ ತಪ್ಪೇ ರೂಢಿಯಾಗುವುದು. ತಾಯಂದಿರು ಆ ಹಾಳೆಗಳನ್ನು ರದ್ದಿಗೆ ಹಾಕದೆ ತಾರೀಖು ಬರೆದಿಡಲಿ. ತಿಂಗಳ ಮೇಲೆ ಹುಡುಗನಿಗೆ ತೋರಿಸಲು ಬೇಕಾಗುತ್ತವೆ.

ಇನ್ನು ದುಂಡನೆಯ ಬೆಲ್ಲದ ಪೆಂಟೆ. ಅದಕ್ಕೆ ಮೂಲೆಯೇ ಇಲ್ಲವಲ್ಲ! ಮೊದಲು ಪೆಟ್ಟಿಗೆ ಬರೆದು, ಮೇಲ್ಮುಖಕ್ಕೆ ಎರಡು ಕರ್ಣಗಳನ್ನೆಳೆದರೆ ನಡು ಸಿಕ್ಕುವುದು. ಆ ನಡುವಿನ ಮೂಲಕ ಎರಡೂ ಮೊಳೆಗಳತ್ತ ಗೆರೆಯೆಳೆದು, ಅವು ಅಂಚುಗಳನ್ನು ಮುಟ್ಟುವ ನಾಲ್ಕು ಕಡೆಗಳನ್ನು ಬಾಗುಗೆರೆಯಿಂದ ಕೂಡಿಸಿದರೆ ಪೆಂಟೆಯ ಬಾಯಿ ಸಿದ್ಧ.