ಗಿಲಕಿ ಯಾವ ಮರದ್ದು?



ಕಳೆದ ತಿಂಗಳು ನನ್ನ ತರಗತಿಯ ಪುಟ್ಟ ಹುಡುಗಿಯೊಬ್ಬಳು ತನ್ನ ತಮ್ಮನ ಗಿಲಕಿಯನ್ನು ಪುಸ್ತಕದ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಕೆಂಪು, ಹಳದಿ ಅರಗಿನ ಬಣ್ಣದ ಚನ್ನಪಟ್ಟಣದ ಗಿಲಕಿ. "ಇದನ್ನು ಯಾವುದರಿಂದ ಮಾಡಿದ್ದಾರೆ?" ಎಂದು ಕೇಳಿದೆ. "ಮರದಿಂದ" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. "ಯಾವ ಮರ?" ಎಂದೆ. ತರಗತಿಯೇ ಮೌನವಾಯಿತು.

ಆ ಮಕ್ಕಳಲ್ಲಿ ನಾಲ್ಕೈದು ಮಂದಿಯ ಮನೆಯಲ್ಲಿ ಗೊಂಬೆ ಕಡೆಯುವ ಯಂತ್ರವಿದೆ. ಅದರ ಸದ್ದಿನಲ್ಲೇ ಬೆಳೆದವರು ಅವರು. ಆದರೂ ತಮ್ಮ ಮನೆಗೆ ಅನ್ನ ಕೊಡುವ ಮರದ ಹೆಸರು ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಅದರ ಹೆಸರು ಕೇಳಿದ್ದೆನೇ ಹೊರತು ಮರವನ್ನು ನೋಡಿರಲಿಲ್ಲ.

ಅದು ಆಲೆ ಮರ. ಆಲದ ಮರವಲ್ಲ, ಆಲೆ ಮರ. ದೊಡ್ಡ ಮರವೇನಲ್ಲ. ಎಲೆ ಕಿತ್ತರೆ ಹಾಲಿನಂತಹ ಸೊನೆ ಜಿನುಗುತ್ತದೆ. ಬಿಳಿ ಹೂ ಬಿಡುತ್ತದೆ. ಕಾಯಿಗಳು ಜೋಡಿಯಾಗಿ, ತುದಿಯಲ್ಲಿ ಕೂಡಿಕೊಂಡು ತೂಗುತ್ತವೆ. ಅದರ ಕಟ್ಟಿಗೆ ಬೆಳ್ಳಗೆ, ಮೃದುವಾಗಿ, ನುಣುಪಾಗಿರುತ್ತದೆ. ಆದ್ದರಿಂದಲೇ ನಮ್ಮ ಕುಶಲಕರ್ಮಿಗಳು ಅದನ್ನು ಆರಿಸಿಕೊಂಡರು. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕರೆಸಿದ ಕರ್ಮಿಗಳಿಂದ ಈ ಕಲೆ ಬಂತೆಂದು ಹಿರಿಯರು ಹೇಳುತ್ತಾರೆ. ಇಂದೂ ಚನ್ನಪಟ್ಟಣದ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಒಲೆ ಉರಿಯುವುದು ಈ ಗೊಂಬೆಗಳಿಂದ. ಬಣ್ಣ ಹಚ್ಚುವ, ನಯ ಮಾಡುವ ಕೈಗಳಲ್ಲಿ ಅನೇಕವು ಹೆಣ್ಣುಮಕ್ಕಳವು.

ಆ ಮಕ್ಕಳ ಪರವಾಗಿ ನಾನು ಒಬ್ಬ ವೃದ್ಧ ಕರ್ಮಿಯ ಬಳಿ ಹೋದೆ. ಅವರು ಹೇಳಿದರು: "ನಾನು ಹುಡುಗನಾಗಿದ್ದಾಗ ಹತ್ತಿರದ ಗುಡ್ಡಗಳಿಂದಲೇ ಗಾಡಿಯಲ್ಲಿ ಆಲೆ ಕಟ್ಟಿಗೆ ಬರುತ್ತಿತ್ತು. ಈಗ ದೂರದಿಂದ ಬಂದದ್ದನ್ನು ಹೇಳಿದ ಬೆಲೆಗೆ ಕೊಳ್ಳಬೇಕು. ನಾವು ಕಡಿದೆವು ಅಮ್ಮಾ, ನೆಡಲಿಲ್ಲ." ಈ ಮಾತು ನನ್ನ ಮನಸ್ಸನ್ನು ಇಂದಿಗೂ ಕೊರೆಯುತ್ತಿದೆ.

ಬರೀ ಗೊಂಬೆಯ ಮಾತಲ್ಲ. ರಾಮನಗರದ ರೇಷ್ಮೆಯನ್ನೇ ನೋಡಿ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಮಾತ್ರ ಅಂಟು ಸಡಿಲವಾಗಿ ನೂಲು ಬಿಚ್ಚಿಕೊಳ್ಳುತ್ತದೆ. ನಮ್ಮ ಸಮುದಾಯದ ಅನೇಕ ಕುಟುಂಬಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ಚರಕ ಮತ್ತು ಕಾಟೇಜ್ ಬೇಸಿನ್‌ಗಳ ಒಲೆಗಳು ಬಹುಕಾಲ ಉರಿದದ್ದು ಸೌದೆಯಿಂದಲೇ. ನಾವು ಮದುವೆಯಲ್ಲಿ ಉಡುವ ಸೀರೆಯ ಹಿಂದೆ ಹುಳುವಿನ ಶ್ರಮ ಮಾತ್ರವಲ್ಲ, ಮರದ ಬೂದಿಯೂ ಇದೆ.

ಹಾಗಾದರೆ ಕಾಡು ಕರಗಿದ್ದಕ್ಕೆಲ್ಲ ಬಡ ಕರ್ಮಿಯೇ ಹೊಣೆಯೇ? ಖಂಡಿತ ಇಲ್ಲ. ಕಲ್ಲುಕ್ವಾರಿ, ಬಡಾವಣೆ, ರಸ್ತೆ ಇವೆಲ್ಲ ಸೇರಿ ತಿಂದ ಹಸಿರು ಅದಕ್ಕಿಂತ ದೊಡ್ಡದು. ಅದರ ಫಲವನ್ನು ಮಾತ್ರ ಹೆಚ್ಚಾಗಿ ಉಣ್ಣುವವರು ಬಡವರು. ಕನಕಪುರದ ಆಚೆ 1987ರಲ್ಲಿ ಘೋಷಿಸಲಾದ ಕಾವೇರಿ ವನ್ಯಧಾಮವಿದೆ. ಅಲ್ಲಿಂದ ಆನೆಗಳು ಚನ್ನಪಟ್ಟಣದ ಹೊಲ ತೋಟಗಳವರೆಗೂ ಬರುತ್ತವೆ. ಬೆಳೆ ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ. ಕಾಡು ತುಂಡು ತುಂಡಾದಾಗ ಆನೆ ಎಲ್ಲಿಗೆ ಹೋಗಬೇಕು?

ಇದೇ ಸೀಮೆಯ ಮಾಗಡಿ ತಾಲೂಕಿನ ಹುಲಿಕಲ್‌ನಲ್ಲಿ ಸಾಲುಮರದ ತಿಮ್ಮಕ್ಕ ಬಾಳಿದ್ದರು. ಶಾಲೆಗೆ ಹೋದವರಲ್ಲ. ಕಲ್ಲುಕ್ವಾರಿಯಲ್ಲಿ ಕೂಲಿ ಮಾಡಿದವರು. ಮಕ್ಕಳಾಗಲಿಲ್ಲವೆಂಬ ನೋವನ್ನು ಪತಿ ಚಿಕ್ಕಯ್ಯನವರೊಂದಿಗೆ ಸಸಿಗಳ ಮೇಲಿನ ಮಮತೆಯಾಗಿ ಮಾರ್ಪಡಿಸಿಕೊಂಡರು. ಮೊದಲ ವರ್ಷ 10 ಆಲದ ಸಸಿ, ಮರುವರ್ಷ 15, ಅದರ ಮರುವರ್ಷ 20. ಹುಲಿಕಲ್‌ನಿಂದ ಕುದೂರಿಗೆ ಹೋಗುವ ನಾಲ್ಕು ಕಿಲೋಮೀಟರ್ ದಾರಿಯುದ್ದಕ್ಕೂ ಬಿಂದಿಗೆಯಲ್ಲಿ ನೀರು ಹೊತ್ತು ಎರೆದರು. ದನಕರು ಮೇಯದಂತೆ ಮುಳ್ಳುಬೇಲಿ ಕಟ್ಟಿದರು. ಹೀಗೆ ಬೆಳೆದವು 385 ಮರಗಳು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಮರಗಳೇ ಬಲಿಯಾಗುವ ಭಯ ಬಂದಾಗ ಅವರು ಸರಕಾರದ ಮುಂದೆ ಮೊರೆಯಿಟ್ಟು ಉಳಿಸಿಕೊಂಡರು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ನೆರಳು ಉಳಿದಿದೆ.

ನೆಡುವುದು ಒಂದು ದಿನದ ಕೆಲಸ, ನೀರೆರೆಯುವುದು ವರ್ಷಗಳ ಕೆಲಸ. ಫೋಟೋ ತೆಗೆಸಿಕೊಂಡು ನೆಟ್ಟ ಎಷ್ಟು ಸಸಿಗಳು ಮುಂದಿನ ಬೇಸಿಗೆ ಕಂಡಿವೆ, ನೀವೇ ಹೇಳಿ.

ನಾವು ಬಾಲ್ಯದಲ್ಲೇ ಮದ್ರಸದಲ್ಲಿ ಕಲಿತ ಪಾಠವೊಂದಿದೆ. ಒಬ್ಬರು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ನೆಟ್ಟವರ ಪಾಲಿಗೆ ಸದಕಾ ಎಂದು ಪ್ರವಾದಿ(ಸ) ಕಲಿಸಿದರು. ಆ ಪಾಠ ನಮಗೆ ಬಾಯಿಪಾಠವಾಗಿದೆ. ತಿಮ್ಮಕ್ಕ ಅದನ್ನು ಓದದೆಯೇ ಬದುಕಿ ತೋರಿಸಿದರು. ನಾಚಿಕೆಪಡಬೇಕಾದವರು ಯಾರು?

ಆಲೆ ಮರದಲ್ಲಿ ಇನ್ನೊಂದು ಗುಣವಿದೆ. ಬುಡ ಉಳಿಸಿ ಕಡಿದರೆ ಅದು ಮತ್ತೆ ಚಿಗುರುತ್ತದೆ. ಚಿಗುರನ್ನು ಬೆಂಕಿಯಿಂದ, ಮೇಕೆಯ ಬಾಯಿಂದ ಕಾಪಾಡಿದರೆ ಸಾಕು. ಅಂದರೆ ಕಸುಬೂ ಉಳಿಯಬಹುದು, ಮರವೂ ಉಳಿಯಬಹುದು. ಕಡಿಯುವವನೇ ಕಾಯುವವನೂ ಆಗಬೇಕು, ಅಷ್ಟೇ.

ಸಹೋದರಿಯರೇ, ಕಾಡು ಕಾಯುವುದು ಅರಣ್ಯ ಇಲಾಖೆಯ ಕೆಲಸ ಎಂದು ಸುಮ್ಮನಿರಬೇಡಿ. ಮನೆಯಂಗಳದಲ್ಲಿ, ಮಸೀದಿಯ ಆವರಣದಲ್ಲಿ, ಕಬರಸ್ತಾನದ ಅಂಚಿನಲ್ಲಿ ಒಂದು ಸಸಿಗೆ ಜಾಗವಿಲ್ಲವೇ? ವುಝೂ ಮಾಡಿದ ನೀರು, ಅಕ್ಕಿ ತೊಳೆದ ನೀರು ದಿನವೂ ಚರಂಡಿಗೆ ಹರಿಯುತ್ತದೆ. ಅದನ್ನು ಒಂದು ಬುಡಕ್ಕೆ ತಿರುಗಿಸಿ. ಮೂರು ಬೇಸಿಗೆ ದಾಟಿಸುವ ಹೊಣೆಯನ್ನು ಮನೆಯ ಮಗುವಿಗೆ ವಹಿಸಿ.

ನನ್ನ ತರಗತಿಯ ಮಕ್ಕಳು ಈ ಮಳೆಗಾಲದಲ್ಲಿ ಎರಡು ಆಲೆ ಸಸಿ ನೆಟ್ಟಿದ್ದಾರೆ. ಒಂದು ಒಣಗಿತು. ಇನ್ನೊಂದಕ್ಕೆ ಗಿಲಕಿ ತಂದ ಹುಡುಗಿಯೇ ದಿನವೂ ನೀರು ಹಾಕುತ್ತಾಳೆ. ಈಗ ಅದರ ಹೆಸರು ಅವಳಿಗೆ ಗೊತ್ತು.