ಮನೆಯ ಮೂಲೆ, ಕಡಲಾಚೆಯ ಆಸ್ಪತ್ರೆ

ಮನೆಯಲ್ಲಿಯೇ ಕುಳಿತು ದುಡಿಯುವುದೆಂದರೇನೆಂಬುದನ್ನು ಗಜೇಂದ್ರಗಡದ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಡೆಯನು ನೂಲು ಕೊಡುತ್ತಾನೆ. ಹೆಂಗಸರು ಕಂಡಿಕೆ ಸುತ್ತುತ್ತಾರೆ. ಮಗ್ಗದ ಮೇಲೆ ಸೀರೆ ಮೂಡುತ್ತದೆ. ಸೀರೆಯ ಲೆಕ್ಕದಲ್ಲಿ ಕೂಲಿ. ಎಳೆ ತಪ್ಪಿದರೆ ಕೂಲಿಯಲ್ಲಿ ಕಡಿತ. ಮಗ್ಗ ನಿಂತ ದಿನದ ನಷ್ಟವೆಲ್ಲ ನೇಕಾರನದೇ ಹೊರತು ಒಡೆಯನದಲ್ಲ. ಪಟ್ಟೇದ ಅಂಚಿನ ಸೀರೆಯ ಚೆಲುವನ್ನು ಹೊಗಳುವವರು ಈ ಲೆಕ್ಕವನ್ನು ಕೇಳುವುದು ಕಡಮೆ.

ಈಗ ಅದೇ ಗಜೇಂದ್ರಗಡದಲ್ಲಿ, ರೋಣದಲ್ಲಿ, ನರಗುಂದದಲ್ಲಿ, ಪದವಿ ಮುಗಿಸಿದ ಹೆಣ್ಣುಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಮತ್ತೊಂದು ಬಗೆಯ ಮನೆಗೆಲಸದ ಕರೆ ಕಾಣಿಸಿಕೊಳ್ಳುತ್ತಿದೆ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್, ಮೆಡಿಕಲ್ ಬಿಲ್ಲಿಂಗ್, ಮೆಡಿಕಲ್ ಕೋಡಿಂಗ್ ಎಂದು ಅದಕ್ಕೆ ಹೆಸರು. ಮೂರು ತಿಂಗಳ ತರಬೇತಿ. ಬಳಿಕ ಮನೆಯಲ್ಲಿಯೇ ಕುಳಿತು ಅಮೆರಿಕದ ಆಸ್ಪತ್ರೆಗಳ ಕೆಲಸ. ತಿಂಗಳು ತುಂಬಿದೊಡನೆ ಸಂಬಳ! ಬಿ.ಎಸ್‌ಸಿ. ಮುಗಿಸಿದ ಮಗಳು ಓದಿ ಹೇಳಿದಾಗ ತಂದೆ ಮೊದಲು ಕೇಳುವ ಪ್ರಶ್ನೆ ಒಂದೇ: “ಊರು ಬಿಟ್ಟು ಹೋಗೂದು ಬ್ಯಾಡಲ್ಲವಾ?” “ಬ್ಯಾಡಪ್ಪ, ಮನ್ಯಾಗ ಕುಂತು ಮಾಡೂದು” ಎಂಬ ಉತ್ತರ ಬಂದರೆ ಸಾಕು, ಕಡಲೆ ಮಾರಿದ ಹಣದಲ್ಲಿ ತರಬೇತಿಯ ಫೀಜು ಅರ್ಧ ಕಟ್ಟಿದಂತೆಯೇ. ತಂದೆಯು ಹಣ ಕೊಡುವುದು ವಿದ್ಯೆಗೆಂದು ತೋರಿದರೂ, ಅವನು ಕೊಂಡುಕೊಳ್ಳುವುದು ‘ಮನೆ’ ಎಂಬ ಎರಡಕ್ಷರವನ್ನು. ಮಾರುವವನಿಗೂ ಅದು ಗೊತ್ತಿದೆ.

ಕೆಲಸವೇನೋ ಸುಳ್ಳಲ್ಲ. ಅಮೆರಿಕದ ವೈದ್ಯನು ರೋಗಿಯನ್ನು ಪರೀಕ್ಷಿಸಿದ ಮೇಲೆ ರೋಗದ ಪೂರ್ವವೃತ್ತಾಂತ, ಪರೀಕ್ಷೆಯಲ್ಲಿ ಕಂಡದ್ದು, ಕೊಟ್ಟ ಔಷಧ ಮುಂತಾದುದನ್ನೆಲ್ಲ ಬಾಯಲ್ಲಿ ಹೇಳಿ ಧ್ವನಿಮುದ್ರಣ ಮಾಡುವುದು ಅಲ್ಲಿಯ ಬಹುಕಾಲದ ರೂಢಿ. ಅದನ್ನು ಕೇಳಿ ಬರೆಹಕ್ಕಿಳಿಸುವುದೇ ಟ್ರಾನ್ಸ್‌ಕ್ರಿಪ್ಶನ್. ನ್ಯೂಯಾರ್ಕಿನ ಗಡಿಯಾರಕ್ಕಿಂತ ಭಾರತದ ಗಡಿಯಾರ ಬೇಸಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದಿದೆ. ಅಲ್ಲಿಯ ವೈದ್ಯನು ಸಂಜೆ ಮನೆಗೆ ಹೊರಡುವಾಗ ಇಲ್ಲಿ ಬೆಳಗಾಗುತ್ತಿರುತ್ತದೆ. ಅವನು ಮಲಗೇಳುವುದರೊಳಗೆ ಬರೆಹ ಸಿದ್ಧ. ಈ ಅನುಕೂಲವನ್ನು ಕಂಡುಕೊಂಡೇ 1990ರ ದಶಕದಲ್ಲಿ ಹೆಲ್ತ್‌ಸ್ಕ್ರೈಬ್‌ನಂತಹ ಕಂಪನಿಗಳು ಬೆಂಗಳೂರಿನಲ್ಲಿ ನೆಲೆಯೂರಿದವು. ಕೂಲಿ ಸಾಲಿನ ಲೆಕ್ಕದಲ್ಲಿ. ಒಂದು ಸಾಲೆಂದರೆ ನಡುವಣ ತೆರಪೂ ಸೇರಿ ಅರುವತ್ತೈದು ಅಕ್ಷರ. ಸೀರೆಯ ಲೆಕ್ಕಕ್ಕೂ ಇದಕ್ಕೂ ಹೆಚ್ಚಿನ ಅಂತರವೇನಿಲ್ಲ.

ಬೆರಳಚ್ಚು ಬಂದರೆ ಸಾಕೆಂದು ತಿಳಿದವರು ಮೊದಲ ವಾರದಲ್ಲಿಯೇ ಬೆವರುತ್ತಾರೆ. ಇಲ್ಲಿ ಪಳಗಬೇಕಾದದ್ದು ಕಿವಿ. ಟೆಕ್ಸಾಸಿನವನ ಇಂಗ್ಲಿಷೇ ಬೇರೆ, ಅಲ್ಲಿಗೆ ಹೋಗಿ ನೆಲೆಸಿದ ಚೀನೀ ವೈದ್ಯನ ಇಂಗ್ಲಿಷೇ ಬೇರೆ. ರಕ್ತದ ಒತ್ತಡ ಏರಿದರೆ ‘ಹೈಪರ್‌ಟೆನ್ಶನ್’, ಇಳಿದರೆ ‘ಹೈಪೊಟೆನ್ಶನ್’. ವೈದ್ಯನು ಅವಸರದಲ್ಲಿ ನುಂಗಿಬಿಡುವ ಒಂದು ಉಚ್ಚಾರದಲ್ಲಿ ರೋಗವೇ ತಿರುಗುಮುರುಗಾಗುತ್ತದೆ. ‘ಇಲಿಯಮ್’ ಎಂದರೆ ಸಣ್ಣ ಕರುಳಿನ ಕೊನೆಯ ಭಾಗವೂ ಹೌದು, ಟೊಂಕದ ಎಲುಬೂ ಹೌದು. ಇಂಗ್ಲಿಷಿನ ಬರೆವಣಿಗೆಯಲ್ಲಿ ಒಂದೇ ಅಕ್ಷರದ ಭೇದ, ಕಿವಿಗೆ ಅದೂ ಇಲ್ಲ. ಹಿಂದುಮುಂದಿನ ಮಾತನ್ನು ತಿಳಿದು ಇದು ಕರುಳೋ ಎಲುಬೋ ಎಂದು ಗೊತ್ತುಮಾಡಬೇಕು. ಆದುದರಿಂದಲೇ ಈ ಕಸುಬಿನ ಮೊದಲ ಪಾಠ ವಿಚಿತ್ರವಾದುದು: ಸ್ಪಷ್ಟವಾಗಿ ಕೇಳಿಸದಿದ್ದಲ್ಲಿ ಊಹಿಸಿ ಬರೆಯಬಾರದು, ಸ್ಥಳವನ್ನು ಖಾಲಿ ಬಿಟ್ಟು ಗುರುತು ಮಾಡಬೇಕು. ಪರೀಕ್ಷೆಯಲ್ಲಿ ಏನಾದರೊಂದು ಬರೆದು ಪುಟ ತುಂಬಿಸುವ ಅಭ್ಯಾಸದಲ್ಲಿ ಹದಿನೈದು ವರ್ಷ ಬೆಳೆದ ವಿದ್ಯಾರ್ಥಿಗೆ ಖಾಲಿ ಬಿಡುವುದಕ್ಕಿಂತ ಕಠಿಣವಾದ ಪಾಠ ಬೇರೊಂದಿಲ್ಲ.

ಆದರೆ ಈ ಕಸುಬಿನ ಉಬ್ಬರ ಇಳಿದುಹೋಗಿದೆ. ಹೆಲ್ತ್‌ಸ್ಕ್ರೈಬ್ ಅನ್ನು ಕೊಂಡ ಸ್ಫೆರಿಸ್ ಎಂಬ ಅಮೆರಿಕದ ಕಂಪನಿಯು 2010ರಲ್ಲಿ ದಿವಾಳಿಯೆದ್ದು ಬೇರೆಯವರ ಪಾಲಾಯಿತು. ಮಾತನ್ನು ತಾನೇ ಬರೆಹವಾಗಿಸುವ ಯಂತ್ರಗಳು ಬಂದವು. ಅವುಗಳಲ್ಲಿ ಹೆಸರಾದ ನ್ಯುಆನ್ಸ್ ಕಂಪನಿಯನ್ನು 2022ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ವೈದ್ಯ ಮತ್ತು ರೋಗಿ ಮಾತನಾಡುತ್ತಿರುವಾಗಲೇ ಟಿಪ್ಪಣಿಯನ್ನು ಸಿದ್ಧಪಡಿಸುವ ಯಂತ್ರವೂ ಇಂದು ಉಂಟು. ಮನುಷ್ಯನಿಗೆ ಉಳಿದಿರುವುದು ಬಹುಮಟ್ಟಿಗೆ ಯಂತ್ರದ ತಪ್ಪು ತಿದ್ದುವ ಕೆಲಸ. ಅದಕ್ಕೆ ಹೊಸಬನಿಗಿಂತ ಹಳಬನೇ ಬೇಕು. ಟ್ರಾನ್ಸ್‌ಕ್ರಿಪ್ಶನ್ ಕಲಿಸುವೆನೆಂದು ಇಂದಿಗೂ ದೊಡ್ಡ ಮೊತ್ತ ಕೇಳುವವನು ನಿಂತ ಮಗ್ಗವನ್ನು ಬಣ್ಣ ಬಳಿದು ಮಾರುತ್ತಿದ್ದಾನೆಂದೇ ತಿಳಿಯಬೇಕು.

ಬಿಲ್ಲಿಂಗ್ ಮತ್ತು ಕೋಡಿಂಗ್‌ನ ಸ್ಥಿತಿ ಅಷ್ಟು ಕೆಟ್ಟಿಲ್ಲ. ಅಮೆರಿಕದಲ್ಲಿ ಚಿಕಿತ್ಸೆಯ ಹಣವನ್ನು ಬಹುಪಾಲು ವಿಮೆಯವರು ಕೊಡುತ್ತಾರೆ. ಅವರಿಗೆ ರೋಗದ ಹೆಸರು ಸಾಲದು, ಅಂಕಿ ಬೇಕು. ಸಾಮಾನ್ಯ ರಕ್ತದೊತ್ತಡಕ್ಕೆ ‘ಐ 10’, ತೊಡಕುಗಳಿಲ್ಲದ ಎರಡನೆಯ ಬಗೆಯ ಮಧುಮೇಹಕ್ಕೆ ‘ಇ 11.9’. ವೈದ್ಯನು ಮಾಡಿದ ಚಿಕಿತ್ಸೆಗೆ ಬೇರೆಯೇ ಐದಂಕಿಯ ಸಂಕೇತ. 2015ರ ಅಕ್ಟೋಬರ್ 1ರಂದು ಅಮೆರಿಕವು ಹೊಸ ರೋಗಸಂಕೇತಗಳ ಪಟ್ಟಿಗೆ ಬದಲಾಯಿಸಿಕೊಂಡಾಗ ಸುಮಾರು 14,000 ಇದ್ದ ಸಂಕೇತಗಳು 68,000ದಷ್ಟಾದವು. ಮುರಿದುದು ಎಡಗೈಯೋ ಬಲಗೈಯೋ, ಇದು ಮೊದಲ ಭೇಟಿಯೋ ಮರುಭೇಟಿಯೋ ಎಂಬುದಕ್ಕೂ ಅಂಕಿ! ರೋಗದ ಅಂಕಿಗೂ ಚಿಕಿತ್ಸೆಯ ಅಂಕಿಗೂ ಹೊಂದಿಕೆಯಾಗದಿದ್ದರೆ ವಿಮೆಯವರು ಹಣ ತಡೆಹಿಡಿಯುತ್ತಾರೆ. ಹಾಗೆ ತಡೆದ ಹಣಕ್ಕಾಗಿ ವಿಮೆಯ ಕಚೇರಿಗೆ ಫೋನು ಮಾಡಿ ವಾದಿಸುವವರೂ ಭಾರತದವರೇ. ಅಲ್ಲಿಯ ಹಗಲೆಂದರೆ ಇಲ್ಲಿಯ ರಾತ್ರಿ. ‘ಮನೆಯ ಕೆಲಸ’ ಎಂದು ಸಂತೋಷಪಟ್ಟ ಮನೆಯವರು, ಮನೆಯೆಲ್ಲ ಮಲಗಿದ ಮೇಲೆ ಮಗಳೊಬ್ಬಳೇ ಬೆಳಗಿನ ಜಾವದವರೆಗೆ ಇಂಗ್ಲಿಷಿನಲ್ಲಿ ಮಾತನಾಡಬೇಕಾದೀತೆಂಬುದನ್ನು ಮೊದಲೇ ಎಣಿಸಿರುವುದಿಲ್ಲ.

ಕೋಡಿಂಗ್‌ಗೆ ಶರೀರಶಾಸ್ತ್ರ ಬೇಕು. ಜೀವಶಾಸ್ತ್ರ, ಫಾರ್ಮಸಿ, ನರ್ಸಿಂಗ್ ಓದಿದವರಿಗೆ ದಾರಿ ಸುಗಮ, ಬಿ.ಎ., ಬಿ.ಕಾಂ. ಆದವರಿಗೆ ಅಸಾಧ್ಯವಲ್ಲ, ಆದರೆ ಮೂರು ತಿಂಗಳ ಮಾತಲ್ಲ. ಇದಕ್ಕೆ ಹೆಸರಾದ ಅರ್ಹತಾಪತ್ರವನ್ನು ಅಮೆರಿಕದ ಎ.ಎ.ಪಿ.ಸಿ. ಎಂಬ ಸಂಸ್ಥೆ ಕೊಡುತ್ತದೆ: ನೂರು ಪ್ರಶ್ನೆ, ನಾಲ್ಕು ಗಂಟೆ, ಶೇಕಡಾ 70 ಅಂಕ ಬಂದರೆ ತೇರ್ಗಡೆ. ಶುಲ್ಕ ಡಾಲರಿನಲ್ಲಿ. ತರಬೇತಿಯ ಜಾಹೀರಾತುಗಳು ಸಾಮಾನ್ಯವಾಗಿ ಹೇಳದ ಸಂಗತಿಯೊಂದುಂಟು. ಅನುಭವವಿಲ್ಲದೆ ತೇರ್ಗಡೆಯಾದವರ ‘ಸಿ.ಪಿ.ಸಿ.’ ಎಂಬ ಬಿರುದಿನ ಮುಂದೆ ‘ಎ’ ಎಂಬ ಅಕ್ಷರವೊಂದು ಅಂಟಿಕೊಂಡಿರುತ್ತದೆ. ಇವರು ಇನ್ನೂ ಶಿಷ್ಯದೆಸೆಯಲ್ಲಿದ್ದಾರೆ ಎಂದು ಅದರ ಅರ್ಥ. ಆ ಅಕ್ಷರ ಕಳಚಬೇಕಾದರೆ ಕೆಲಸ ಮಾಡಿದ ಅನುಭವ ತೋರಿಸಬೇಕು. ಆ ಅನುಭವ ದೊರೆಯುವುದು ಕಚೇರಿಯಲ್ಲಿ, ಪಕ್ಕದಲ್ಲಿ ಕುಳಿತು ತಪ್ಪು ತೋರಿಸುವ ಹಿರಿಯರಿದ್ದಲ್ಲಿ.

ಮನೆಯಲ್ಲಿ ಕೆಲಸ ಸಿಗುವುದೇ ಇಲ್ಲವೆಂದಲ್ಲ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ಕಂಪನಿಗಳು ಗಣಕಯಂತ್ರಗಳನ್ನು ನೌಕರರ ಮನೆಗೇ ಕಳುಹಿಸಿದವು. ಅದೇ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಇಂತಹ ಕೆಲಸಕ್ಕಿದ್ದ ಕಟ್ಟುಪಾಡುಗಳನ್ನು ಬಹಳಮಟ್ಟಿಗೆ ಸಡಿಲಿಸಿತು. ಬೆಂಗಳೂರಿನಿಂದ ಊರಿಗೆ ಮರಳಿದವರು ಅಟ್ಟದ ಕೋಣೆಯಲ್ಲಿ ಕುಳಿತು ಅದೇ ಕೆಲಸವನ್ನು ಅದೇ ಸಂಬಳಕ್ಕೆ ಮುಂದುವರಿಸಿದ್ದೂ ಉಂಟು. ಆದರೆ ಅವರು ಮೊದಲೇ ಪಳಗಿದವರು. ಅವರ ಪಾಲಿಗೆ ಮನೆಯೆಂಬುದು ಕಸುಬಿನ ಎರಡನೆಯ ಮೆಟ್ಟಲಾಯಿತು. ಮೊದಲನೆಯ ಮೆಟ್ಟಲನ್ನೇ ಮನೆಯೊಳಗೆ ಇಡಿಸಿಕೊಡುವೆನೆನ್ನುವವನ ಮಾತಿನಲ್ಲಿ ಎಲ್ಲಿಯೋ ಮೋಸವಿದೆ.

ಕಂಪನಿಗಳ ಹಿಂಜರಿಕೆಗೆ ಕಾರಣವಿಲ್ಲದಿಲ್ಲ. ರೋಗಿಯ ಗುಟ್ಟನ್ನು ಕಾಯುವುದಕ್ಕೆ ಅಮೆರಿಕದಲ್ಲಿ 1996ರ ಕಾನೂನೊಂದಿದೆ. 2003ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕರಾಚಿಯ ಹೆಂಗಸೊಬ್ಬಳಿಂದ ಪತ್ರ ಬಂದಿತು: ತನ್ನ ಕೂಲಿ ಬಾಕಿಯಿದೆ, ಕೊಡಿಸದಿದ್ದರೆ ರೋಗಿಗಳ ದಾಖಲೆಗಳನ್ನು ಬಹಿರಂಗಪಡಿಸುವೆನು. ಆಸ್ಪತ್ರೆಯವರಿಗೆ ಅವಳು ಯಾರೆಂಬುದೇ ತಿಳಿಯದು. ಅವರು ಗುತ್ತಿಗೆ ಕೊಟ್ಟಿದ್ದು ತಮ್ಮ ನೆರೆಯ ಕಂಪನಿಗೆ. ಅದು ಫ್ಲಾರಿಡಾಕ್ಕೆ, ಅಲ್ಲಿಂದ ಟೆಕ್ಸಾಸಿಗೆ, ಅಲ್ಲಿಂದ ಕರಾಚಿಗೆ ಕೈ ಬದಲಾಯಿಸುತ್ತ ಹೋಗಿತ್ತು. ಒಂದೊಂದು ಕೈಯೂ ತನ್ನ ಪಾಲನ್ನು ಹಿಡಿದುಕೊಂಡಿತ್ತು. ಬಾಕಿಯ ಒಂದು ಭಾಗ ಕೈಸೇರಿದ ಮೇಲೆ ಅವಳು ಬೆದರಿಕೆಯನ್ನು ಹಿಂತೆಗೆದುಕೊಂಡಳು. ಅವಳು ಮಾಡಿದ್ದು ತಪ್ಪೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೊನೆಯ ಕೊಂಡಿಯಾಗಿ ಮನೆಯಲ್ಲಿ ಕುಳಿತು ದುಡಿಯುವವಳ ಕೂಲಿ ಎಷ್ಟು ಕೈಗಳನ್ನು ದಾಟಿ ಬರಬೇಕೆಂಬುದನ್ನೂ ಆ ಪ್ರಕರಣ ತೋರಿಸಿತು.

ಇವೆಲ್ಲವುಗಳಿಗಿಂತ ಹೀನವಾದುದು ಕೆಲಸವೇ ಇಲ್ಲದ ‘ಕೆಲಸ’. ಇಷ್ಟು ಪುಟ ಟೈಪು ಮಾಡಿಕೊಡಿರೆಂದು ಒಪ್ಪಂದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ಹಗಲಿರುಳೂ ದುಡಿದು ಒಪ್ಪಿಸಿದ ಮೇಲೆ ‘ತಪ್ಪುಗಳು ಹೆಚ್ಚಿವೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟಿರಿ’ ಎಂದು ವಕೀಲರ ಹೆಸರಿನಲ್ಲಿ ನೋಟೀಸು! ಮರ್ಯಾದೆಗಂಜಿ ನೆರೆಮನೆಗೂ ತಿಳಿಯದಂತೆ ಹಣ ಕಟ್ಟಿದ ಕುಟುಂಬಗಳುಂಟು. ಹೆದರಿ ಹಣ ಕಟ್ಟುವುದಕ್ಕೆ ಮುಂಚೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ಸೈಬರ್ ಪೊಲೀಸರಿಗೆ ತಿಳಿಸಬೇಕು. ನಿಜವಾದ ಧಣಿಯು ಕೂಲಿ ಕೊಡುತ್ತಾನೆಯೇ ಹೊರತು ಕೂಲಿಯವಳಿಂದ ಠೇವಣಿ ಕೇಳುವುದಿಲ್ಲ.

ಹಾಗಾದರೆ ರೋಣದ ಹುಡುಗಿ ಏನು ಮಾಡಬೇಕು? ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಕಲಿತು ಬರಲು ಮನೆಯವರು ಒಪ್ಪಿದರೆ ಅದೇ ನೇರವಾದ ದಾರಿ. ಒಪ್ಪದಿದ್ದರೆ, ಅಮೆರಿಕದ ಕಡೆಗೇ ಕಣ್ಣು ನೆಟ್ಟವರಿಗೆ ಕಾಣದ ಬಿಲ್ಲಿಂಗ್ ಒಂದು ಗದಗಿನಲ್ಲಿಯೇ ಇದೆ. 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಹುಟ್ಟಿ, 2018ರಲ್ಲಿ ನಿಂತುಹೋದ ಯಶಸ್ವಿನಿ ಯೋಜನೆಯೂ ಮತ್ತೆ ಆರಂಭವಾಗಿದೆ. ಈ ಯೋಜನೆಗಳಲ್ಲಿ ಸೇರಿದ ಆಸ್ಪತ್ರೆಗಳಿಗೆಲ್ಲ ಕಾಗದ ಪತ್ರ ಹೊಂದಿಸಿ, ಸಂಕೇತ ತುಂಬಿ, ಮುಂಗಡ ಒಪ್ಪಿಗೆ ತರಿಸಿ, ಹಣ ವಸೂಲು ಮಾಡಿಕೊಡಬಲ್ಲವರು ಬೇಕು.

ಸಂಬಳ ಬೆಂಗಳೂರಿನಷ್ಟು ಬರಲಾರದು. ಬೆಳಗಿನ ಬಸ್ಸು, ಸಂಜೆಯ ಬಸ್ಸು ತಪ್ಪಿದ್ದಲ್ಲ. ಆದರೆ ಆ ಮೇಜಿನ ಮುಂದೆ ನಿಲ್ಲುವ ರೋಗಿಯ ಭಾಷೆ ಅವಳದೇ. ಸರಕಾರಿ ಆಸ್ಪತ್ರೆಯವರು ಬರೆದುಕೊಟ್ಟ ಶಿಫಾರಸು ಚೀಟಿಯನ್ನು ಊರಿನಲ್ಲಿಯೇ ಮರೆತು ಬಂದವರು, ಆಧಾರ್ ಕಾರ್ಡಿನಲ್ಲಿ ‘ಯಲ್ಲವ್ವ’ ಎಂದೂ ರೇಶನ್ ಕಾರ್ಡಿನಲ್ಲಿ ‘ಎಲ್ಲಮ್ಮ’ ಎಂದೂ ಇರುವ ಮುದುಕಿಯರು ಅಲ್ಲಿಗೆ ದಿನವೂ ಬರುತ್ತಾರೆ. ಎರಡೂ ಹೆಸರು ಒಬ್ಬಳದೇ ಎಂದು ತೋರಿಸಿಕೊಟ್ಟು ಕಾಗದ ಮುಂದೆ ಸಾಗಿಸುವಷ್ಟರಲ್ಲಿ ವಾರ್ಡಿನೊಳಗೆ ಆಪರೇಶನ್ನಿನ ದಿನ ಗೊತ್ತಾಗುತ್ತದೆ.